ನಟ್ಟು-ಬೋಲ್ಟಿನ ಡಬ್ಬಿಯಲ್ಲಿ ಗುಳಿಗೆ

ನಲವತ್ತು ವರ್ಷ ಲಾರಿ ಎಂಜಿನ್ ಬಿಚ್ಚಿ ಜೋಡಿಸಿದ ನನಗೆ ದಿನಕ್ಕೆ ನಾಲ್ಕು ಗುಳಿಗೆ ನುಂಗುವುದೂ ಒಂದು ಕೆಲಸವೇ? ಹೆಂಡತಿ ಬೀಬಿಜಾನ್ ಮೊಮ್ಮಗಳನ್ನು ನೋಡಿಕೊಳ್ಳಲು ಎರಡು ತಿಂಗಳ ಮಟ್ಟಿಗೆ ಧಾರವಾಡದ ಮಗಳ ಮನೆಗೆ ಹೊರಟಾಗ ಧೈರ್ಯವಾಗಿಯೇ ಕಳಿಸಿಕೊಟ್ಟೆ. ನನಗೆ ಶುಗರ್, ಅವಳಿಗೆ ಬಿಪಿ. ಇಷ್ಟು ವರ್ಷ ಅವಳು ಅಂಗೈಗೆ ಹಾಕಿದ್ದನ್ನು ನಾನು ನುಂಗುತ್ತಿದ್ದೆ, ಅಷ್ಟೇ.

ಹುಬ್ಬಳ್ಳಿಯ ಕೇಶ್ವಾಪುರದ ಮನೆಯಲ್ಲಿ ಉಳಿದವರು ನಾನು, ಮಗ, ಸೊಸೆ. ಗುಳಿಗೆ ತಾನೇ ಕೊಡುತ್ತೇನೆ ಎಂದಳು ಸೊಸೆ. ಕೊಡಿಸಿಕೊಳ್ಳಲು ನಾನೇನು ಮುದುಕನೇ? ಗುಳಿಗೆಗಳನ್ನೆಲ್ಲ ಸ್ಟ್ರಿಪ್ಪಿನಿಂದ ಒತ್ತಿ ತೆಗೆದು, ನನ್ನ ಹಳೆಯ ನಟ್ಟು-ಬೋಲ್ಟಿನ ಡಬ್ಬಿ ತೊಳೆದು, ಅದರ ಖಾನೆಗಳಲ್ಲಿ ಸೈಜಿನ ಪ್ರಕಾರ ವಿಂಗಡಿಸಿದೆ. ದೊಡ್ಡ ನಟ್ಟು ದೊಡ್ಡ ಭಾರ ಹೊರುತ್ತದೆ. ಇದು ಗ್ಯಾರೇಜಿನ ಸಿದ್ಧಾಂತ. ಆದ್ದರಿಂದ ಹುಣಸೆಬೀಜದಷ್ಟು ದೊಡ್ಡ ಗುಳಿಗೆಯನ್ನು ದಿನಕ್ಕೆರಡು ನುಂಗಿದೆ. ಮೆಣಸಿನ ಕಾಳಿನಷ್ಟಿದ್ದ ಗುಳಿಗೆಯಿಂದ ಏನಾದೀತು ಎಂದು ನೆನಪಾದಾಗ ಮಾತ್ರ ನುಂಗಿದೆ.

"ಗುಳಿಗಿ ಖರೇನ ತಗೋತೀರೇನ್ರಿ?" ಎಂದು ಬೀಬಿಜಾನ್ ದಿನಾ ಫೋನಿನಲ್ಲಿ ಕೇಳುತ್ತಿದ್ದಳು. ಎಲ್ಲ ಫಸ್ಟ್ ಕ್ಲಾಸ್ ಎನ್ನುತ್ತಿದ್ದೆ.

ತಿಂಗಳು ತುಂಬುವಷ್ಟರಲ್ಲಿ ಕಾಲು ಜೋಮು ಹಿಡಿಯಿತು, ಕಣ್ಣು ಮಂಜಾಯಿತು. ಒಂದು ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲೇ ತಲೆ ಸುತ್ತಿ ಬಿದ್ದೆ. ಮಗ ಡಬ್ಬಿ, ಚೀಟಿ ಸಮೇತ ದವಾಖಾನೆಗೆ ಕರೆದುಕೊಂಡು ಓಡಿದ. ಸುಳ್ಳೇಕೆ ಹೇಳಲಿ, ತುಂಬ ಹೆದರಿದ್ದೆ. ಆದರೂ ಡಾಕ್ಟರು ಯಾವ ಗುಳಿಗೆ ಎಂದು ಕೇಳಿದಾಗ ಹೆಮ್ಮೆಯಿಂದಲೇ ಡಬ್ಬಿ ತೆರೆದೆ.

ಅವರು ಹಳೆಯ ಚೀಟಿ ನೋಡಿ, "ಕಾಕಾ, ಈ ದೊಡ್ಡದು ಎಲುವು ಗಟ್ಟಿ ಆಗಾಕ ಕೊಟ್ಟಿದ್ದು. ಶುಗರಿಂದು ಈ ಸಣ್ಣದ್ರಿ," ಎಂದರು.

ಬಿದ್ದರೂ ಎಲುಬು ಮುರಿಯಲಿಲ್ಲ, ಅದೊಂದೇ ಲಾಭ!

ಬೀಬಿಜಾನ್ ಮರುದಿನವೇ ಓಡಿ ಬಂದಳು. ಬೈಯಲಿಲ್ಲ. ಡಬ್ಬಿ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು. ನಾನು ಮತ್ತೆ ಅಂಗೈ ಚಾಚಿದೆ. ಮೂರು ವಾರದಲ್ಲಿ ಶುಗರ್ ಹತೋಟಿಗೆ ಬಂತು.

ತಪಾಸಣೆಗೆ ಇಬ್ಬರೂ ಹೋದೆವು. ಧಾರವಾಡದಲ್ಲಿದ್ದಾಗ ಅವಳ ಬಿಪಿ ಹದಿನೆಂಟರ ಹುಡುಗಿಯದರಂತಿತ್ತಂತೆ. ಹುಬ್ಬಳ್ಳಿಗೆ ಬಂದದ್ದೇ ತಡ, ಮತ್ತೆ ಏರಿತ್ತು! ಡಾಕ್ಟರು ಅಲ್ಲಿಯ ಚೀಟಿ ನೋಡಿದರು, ಇಲ್ಲಿಯದನ್ನು ನೋಡಿದರು.

"ಅಲ್ಲಿ ಇರಲಾರದ್ದು ಇಲ್ಲೇನೈತ್ರಿ, ಅಮ್ಮಾ?"

ಬೀಬಿಜಾನ್ ನನ್ನ ಕಡೆ ತಿರುಗಿದಳು.

ಈಗ ದಿನಾ ಸಂಜೆ ಎರಡು ತಾಸು ನಾನು ಹಳೆಯ ಗ್ಯಾರೇಜಿನಲ್ಲಿ ಕೂತು ಬರುತ್ತೇನೆ. ಅಷ್ಟು ಹೊತ್ತು ನಾನು ಮನೆಯಿಂದ ಹೊರಗಿರಬೇಕೆಂದು ಡಾಕ್ಟರೇ ಬರೆದುಕೊಟ್ಟಿದ್ದಾರೆ. ಅವಳ ಔಷಧಿ ಚೀಟಿಯಲ್ಲಿ.