ಜಿಗಿಹುಳುವಿನ ಮುರಿದ ತುದಿ

ತಮ್ಮ ಕೆಲಸವೇನೆಂದು ನಾಲ್ಕು ಜನರ ಮುಂದೆ ಸಂಕೋಚವಿಲ್ಲದೆ ಹೇಳಬಲ್ಲವರು ಪುಣ್ಯವಂತರು. ಪುತ್ತೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ ಎನ್ನುವವರೆಗೆ ನನಗೂ ಕಷ್ಟವಿಲ್ಲ. ಕಬಕದಲ್ಲಿ ಬಸ್ಸು ಹತ್ತಿದವರು ಯಾರಾದರೂ "ಬಿಡುವಲ್ಲಿ ಎಂತ ಮಾಡುದು ಸಾರ್?" ಎಂದು ಮುಂದುವರಿಸಿದರೆ ಮಾತ್ರ ಕಿಟಕಿಯ ಹೊರಗೆ ನೋಡುತ್ತೇನೆ. ನಾನು ಬಿಡುವಿನಲ್ಲಿ ಜಿಗಿಹುಳುಗಳ ಪ್ರಭೇದ ಗುರುತಿಸುತ್ತೇನೆ. ಅಕ್ಕಿಕಾಳಿನ ಅರ್ಧದಷ್ಟಿರುವ ಈ ಹುಳದ ಹಿಂಗಾಲಲ್ಲಿ ಮುಳ್ಳುಗಳ ಸಾಲು ಕಂಡರೆ ಜಿಗಿಹುಳು ಎಂದು ಹೇಳಬಹುದು. ಯಾವ ಪ್ರಭೇದ ಎನ್ನಬೇಕಾದರೆ ಗಂಡುಹುಳುವೇ ಆಗಬೇಕು. ಅದರ ಹೊಟ್ಟೆಯ ತುದಿ ಕತ್ತರಿಸಿ, ಕ್ಷಾರದಲ್ಲಿ ಬಿಸಿ ಮಾಡಿ, ಜನನಾಂಗವನ್ನು ಸೂಜಿಯಿಂದ ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ಆಕಾರ ನೋಡಬೇಕು. ಮದುವೆಯಾಗಿ ಮೂರು ವರ್ಷದ ಮೇಲೆ ಇದನ್ನು ತಿಳಿದ ನನ್ನ ಹೆಂಡತಿ ಅಂದಿನಿಂದ ನೆಂಟರ ಮುಂದೆ, "ಇವರದ್ದು ಎಂತದೋ ಹುಳದ ಕೆಲಸ" ಎಂದು ಮಾತು ಮುಗಿಸುತ್ತಾಳೆ.

ಗುತ್ತಿಗಾರಿನಲ್ಲಿ ನನಗೆ ಶಾಲೆಯಲ್ಲಿ ಕಲಿಸಿದ ಜಲಜಾ ಟೀಚರ್ ಇದ್ದಾರೆ. ಈಗ ಎಂಬತ್ತರ ಹತ್ತಿರ. ಅವರ ಬೇಲಿಯ ದಾಸವಾಳದಲ್ಲಿ ಹಿಡಿದ ಒಂದು ಗಂಡು ಜಿಗಿಹುಳು ಯಾವ ಪುಸ್ತಕದ ಚಿತ್ರಕ್ಕೂ ಹೊಂದಲಿಲ್ಲ. ಎಲ್ಲವುಗಳಲ್ಲೂ ಕೊಕ್ಕೆಯಂತೆ ಬಾಗಿರುವ ಆ ಭಾಗ ಇದರಲ್ಲಿ ಮೊಂಡಾಗಿತ್ತು. ಹೊಸ ಪ್ರಭೇದ ಎಂದು ನಾನು ನೆಲದ ಮೇಲೆ ನಿಲ್ಲಲಿಲ್ಲ. ಲೇಖನದ ಮೊದಲ ಸಾಲು ಬರೆಯುವ ಮುಂಚೆಯೇ ಗುತ್ತಿಗಾರಿಗೆ ಹೋಗಿ, ಈ ಹುಳಕ್ಕೆ ನಿಮ್ಮ ಹೆಸರಿಡುತ್ತೇನೆ ಎಂದುಬಿಟ್ಟೆ.

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಮಕ್ಕಳಿಲ್ಲದವಳ ಹೆಸರು ನನ್ನೊಟ್ಟಿಗೇ ಹೋಗುದು ಅಂತ ಇದ್ದೆ ಹರೀಶ. ಹುಳ ಆದರೂ ಆಯ್ತು," ಎಂದರು. ಆಮೇಲೆ, "ಬೇರೆ ಜಾತಿ ಅಂತ ಹೇಗೆ ಗೊತ್ತಾದದ್ದು?" ಎಂದು ಕೇಳಿದರು.

ನಾನು ಟೀಚರ ಮುಖ ನೋಡಿದೆ, ಗೋಡೆಯ ದೇವರ ಪಟ ನೋಡಿದೆ, "ಬಾಲದಲ್ಲಿ ಟೀಚರ್. ಇದರದ್ದು ಮೊಂಡು," ಎಂದೆ.

ಜಿಗಿಹುಳುವಿಗೆ ಬಾಲವಿಲ್ಲ. ಆದರೂ ವಾರದೊಳಗೆ ಹಾಲಿನ ಸೊಸೈಟಿಯಲ್ಲಿ ಕ್ಯಾನು ಹಿಡಿದು ನಿಂತವರಿಗೆಲ್ಲ ಟೀಚರ ಹುಳದ ಬಾಲ ಮೊಂಡು ಎಂದು ಗೊತ್ತಾಗಿತ್ತು. ಹಳೆ ವಿದ್ಯಾರ್ಥಿಗಳು ಸನ್ಮಾನಕ್ಕೆ ಶಾಲು ತರುವ ಮಾತೂ ಎದ್ದಿತು.

ಲೇಖನಕ್ಕೆ ಚಿತ್ರ ಬೇಕಿತ್ತು. ಅದೇ ಬೇಲಿಯಿಂದ ಇನ್ನೆರಡು ಗಂಡುಹುಳು ಹಿಡಿದು ಬಿಡಿಸಿದೆ. ಎರಡರಲ್ಲೂ ಚೆಂದದ ಕೊಕ್ಕೆ. ಎಲ್ಲರಿಗೂ ತಿಳಿದಿರುವ ಹಳೆಯ ಪ್ರಭೇದ. ಮೊದಲನೆಯ ಹುಳದ ಭಾಗಗಳನ್ನು ಇಟ್ಟಿದ್ದ ಗಾಜಿನ ಕೊಳವೆಯನ್ನು ಬಗ್ಗಿಸಿ ನೋಡಿದರೆ, ತಳದಲ್ಲಿ ಗ್ಲಿಸರಿನ್‌ನೊಳಗೆ ಒಂದು ಪುಟ್ಟ ಕೊಕ್ಕೆ ತಣ್ಣಗೆ ಮಲಗಿತ್ತು. ಅದನ್ನು ಮುರಿದದ್ದು ನನ್ನ ಸೂಜಿಯೇ. ವಿಜ್ಞಾನಕ್ಕೆ ನಾನು ಕೊಡಲು ಹೊರಟದ್ದು ನನ್ನ ಕೈನಡುಕವನ್ನು.

ಹದಿನೈದು ದಿನ ಟೀಚರ ಫೋನು ಎತ್ತಲಿಲ್ಲ. ಇಪ್ಪತ್ತೈದು ವರ್ಷ ಪಾಠ ಮಾಡಿದವನು ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನಂತೆ ಫೋನನ್ನು ದಿಂಬಿನಡಿ ಇಡುತ್ತಿದ್ದೆ. ಕೊನೆಗೆ ಹೆಂಡತಿಯೇ, "ಮುರಿದವರೇ ಹೋಗಿ ಹೇಳ್ಬೇಕು ಮಾರಾಯ್ರೆ," ಎಂದು ಗುತ್ತಿಗಾರಿಗೆ ಹೋಗಲು ಸುಳ್ಯದ ಬಸ್ಸು ಹತ್ತಿಸಿದಳು.

ಟೀಚರ್ ಪೂರ್ತಿ ಕೇಳಿದರು. ಬೇಲಿಯ ದಾಸವಾಳದ ಕಡೆ ನೋಡಿದರು. ಅವರ ಮುಖ ಸಪ್ಪಗಾದದ್ದು ನನಗೆ ಕಂಡಿತು. ಅದನ್ನು ನೋಡಲಾರದೆ ತಲೆ ತಗ್ಗಿಸಿದೆ.

"ಇರಲಿ. ಅದರ ಹೆಸರು ಅದಕ್ಕೇ ಉಳಿಯಿತಲ್ಲ," ಎಂದರು. "ಸೊಸೈಟಿಯಲ್ಲಿ ನಾನೇ ಹೇಳ್ತೇನೆ. ಆದರೆ ಮೊನ್ನೆ ಒಂದು ಹುಳ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಬಾಲ ಎಲ್ಲಿ ಉಂಟು ಮಾರಾಯ?"

ಬೆವರುತ್ತ, ತೊದಲುತ್ತ, ಅದು ಬಾಲವಲ್ಲ, ಗಂಡಿನ ಆ... ಎಂದು ನಿಲ್ಲಿಸಿದೆ.

"ಜನನಾಂಗ," ಎಂದು ಟೀಚರ್ ಮುಗಿಸಿದರು. "ಏಳನೇ ಕ್ಲಾಸಲ್ಲಿ ಇದೇ ದಾಸವಾಳ ಸೀಳಿ ಗಂಡು ಭಾಗ, ಹೆಣ್ಣು ಭಾಗ ನಿನಗೆ ತೋರಿಸಿದ್ದು ಯಾರು? ನನ್ನ ಹತ್ರ ಹೇಳ್ಲಿಕ್ಕೆ ನಾಚಿಕೆಯಾ ನಿಂಗೆ?"

ಟೀಚರ್ ಚಹಾ ತರಲು ಏಳುತ್ತ, "ಮೆಲ್ಲ ಬ್ಲೇಡ್ ಹಾಕು ಅಂತ ಎಷ್ಟು ಹೇಳಿದರೂ ಆ ದಿನ ಕೇಸರದ ತುದಿ ಮುರಿದವನೂ ನೀನೇ. ಮುರಿದು, ಹೂವೇ ಹಾಗೆ ಇತ್ತು ಟೀಚರ್ ಅಂತ ಹೇಳಿದ್ದಿ," ಎಂದರು.

ಒಂದು ಹುಳವನ್ನು ಗುರುತಿಸಲು ನನಗೆ ಕತ್ತರಿ, ಕ್ಷಾರ, ಸೂಜಿ, ಸೂಕ್ಷ್ಮದರ್ಶಕ ಎಲ್ಲ ಬೇಕು. ನನ್ನ ಪ್ರಭೇದ ಯಾವುದೆಂದು ಟೀಚರಿಗೆ ಏಳನೇ ಕ್ಲಾಸಿನಲ್ಲೇ ಗೊತ್ತಾಗಿತ್ತು.