ಸೆರಗಿನ ತುದಿಯ ತೊಗರಿಬ್ಯಾಳಿ

ನಮ್ಮ ಕಡೆ ಹೊಲ ನೋಡಾಕ ಹೋದೋರು ಬರೇ ಹೊಲ ನೋಡ್ಕೊಂಡು ಬಂದಿದ್ದು ನಾ ಕಾಣೆ. ಏನಾರ ಒಂದು ಆಗೇ ಆಗ್ತೈತಿ. ನಮಗಂತೂ ಒಂದು ವರ್ಷ ಪೂರ್ತಿ ಹಂಗೇ ಆತು.

ನಾನು ಆದೋನಿಯ ಹತ್ತಿ ಮಿಲ್ಲಿನ್ಯಾಗ ಮಿಷಿನ್ ನೋಡ್ಕೊಂಡಿದ್ದಾಂವ. ಮೂವತ್ತು ವರ್ಷ ಹತ್ತಿ ಧೂಳು ಕುಡಿದು ಕುಡಿದು ಸಾಕಾಗಿತ್ತು. ಕೆಲಸ ಬಿಟ್ಟ ಮ್ಯಾಲೆ ಒಂದೇ ಆಸಿ: ಎರಡೆಕರೆ ಹೊಲ, ಅದರಾಗ ಎರಡು ಖೋಲಿ, ನಾಕು ಕೋಳಿ, ತಿನ್ನೋ ಕಾಯಿಪಲ್ಲೆ ನಾವೇ ಬೆಳಿಯೋದು. ನಮ್ಮಾಕಿಗೆ ಹೇಳಿದೆ. ಆಕಿ ಬ್ಯಾಡ ಅನ್ನಲಿಲ್ಲ, ಒಂದು ಷರತ್ತು ಹಾಕಿದ್ಲು.

“ತೊಗರಿಬ್ಯಾಳಿ ಬೇಯೋ ನೀರಿರಬೇಕು. ಸವಳು ನೀರಾಗ ಬ್ಯಾಳಿ ಬೇಯಂಗಿಲ್ಲ. ಬೇಯಲಿಲ್ಲಂದ್ರ ನಾ ಆದೋನ್ಯಾಗೇ ಇರ್ತೀನಿ, ನೀವು ಕೋಳಿ ಜೋಡಿ ಸಂಸಾರ ಮಾಡ್ರಿ.”

ಆಕಿ ಹೇಳಿದ್ರ ಹೇಳಿದಂಗೇ. ಅವತ್ತಿಂದ ಎಲ್ಲಿಗೆ ಹೊಂಟ್ರೂ ಸೆರಗಿನ ತುದಿಗೆ ಒಂದು ಹಿಡಿ ಬ್ಯಾಳಿ ಗಂಟು ಹಾಕ್ಕೊಂಡೇ ಬರ್ತಿದ್ಲು.

ಒಂದು

ಮೊದಲು ಚಿಪ್ಪಗಿರಿ ಕಡೆ ಹೋದ್ವಿ. ನಾನೊಂದು ನೋಟ್‌ಬುಕ್ಕಿನ್ಯಾಗ ಪ್ರಶ್ನೆ ಬರಕೊಂಡಿದ್ದೆ: ನೀರೆಷ್ಟು ಆಳಕ್ಕೈತಿ, ಕರೆಂಟು ಎಷ್ಟು ತಾಸು, ದವಾಖಾನಿ ಎಷ್ಟು ದೂರ. ಕಟ್ಟಿ ಮ್ಯಾಲೆ ಕುಂತಿದ್ದ ಯಜಮಾನ್ರು ನಾನು ನೋಟ್‌ಬುಕ್ ತೆಗೆಯೋದ್ರಾಗ ಶುರು ಹಚ್ಚಿಕೊಂಡ್ರು.

“ಮಕ್ಕಳೆಷ್ಟು? ಇದ್ದ ಊರು ಯಾಕ ಬಿಟ್ರಿ? ಯಾರ ಜೋಡಿ ಜಗಳಾಡಿದ್ರಿ? ಸಕ್ಕರಿ ಜಡ್ಡು ಐತೇನು? ಊರಾಗ ಯಾರಾರ ಸತ್ರ ಹೆಗಲು ಕೊಡಾಕ ಬರ್ತೀರೇನು?”

ಕೊನೀ ಪ್ರಶ್ನೆ ಕೇಳಿ ನಾನು ನೋಟ್‌ಬುಕ್ ಮತ್ತ ಕಿಸೆಕ್ಕಿಟ್ಟೆ. ನನ್ನ ನೋಟ್‌ಬುಕ್ಕಿನ್ಯಾಗ ಅಂಥದ್ದು ಒಂದೂ ಇರಲಿಲ್ಲ. ಬರ್ತೀನಿ ಅಂದೆ. ಅವರು ನಮ್ಮಾಕಿನ್ನೂ ಒಂದು ಸಲ ಮ್ಯಾಲಿಂದ ಕೆಳಗ ನೋಡಿ, “ಸರಿ, ನಾಕು ಮಂದಿ ಕೂಡಿ ಮಾತಾಡಿ ತಿಳಿಸ್ತೀವಿ” ಅಂದ್ರು.

ಆಟೋದಾಗ ನಮ್ಮಾಕಿ, “ಹೆಣ್ಣು ನೋಡಾಕ ಹೋದಂಗ ಹೋಗಿದ್ವಿ, ನಮಗೇ ವಧುಪರೀಕ್ಷೆ ಆತಲ್ರೀ” ಅಂದ್ಲು. ಇನ್ನೂ ತಿಳಿಸಿಲ್ಲ ಅವರು. ನಾವು ಮನಸ್ಸಿಗೆ ಬಂದಿಲ್ಲಂತ ಕಾಣ್ತೈತಿ.

ಎರಡು

ಪತ್ತಿಕೊಂಡದ ಹತ್ರ ಒಬ್ಬ ದಲಾಲಿ ಕರಕೊಂಡು ಹೋದ. ಆತನ ಬಾಯಾಗ ಒಂದೇ ಮಾತು: “ಬಂಗಾರಂ ಸಾರ್, ಭೂಮಿ ಅಲ್ಲ ಇದು, ಬಂಗಾರಂ!” ಬಂಗಾರದ ತುಂಬ ಕಲ್ಲಿದ್ವು.

ಅಲ್ಲೊಬ್ಬ ಕುರಿಯಾತ ಕುರಿ ಮೇಯಿಸ್ತಿದ್ದ. ಭೂಮಿ ಸುದ್ದಿ ಕುರಿಯಾತಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಂಗಿಲ್ಲಂತ ಆತನ್ನ ಕೇಳಿದೆ, “ಮನಿ ಎಲ್ಲಿ ಕಟ್ಟಿದ್ರ ಚಲೋ?”

“ನನ್ನ ಮಾತು ಬ್ಯಾಡಣ್ಣಾ, ಕುರಿ ಮಾತು ಕೇಳು. ಬಿಟ್ಟಬಿಡಾನ. ಅವು ಎಲ್ಲಿ ತಾವಾಗೇ ಮಲಗ್ತಾವೋ ಅಲ್ಲಿ ಕಟ್ಟು.”

ಬಿಟ್ಟ. ನಾವು ಮೂರೂ ಮಂದಿ ಉಸಿರು ಹಿಡಕೊಂಡು ನಿಂತ್ವಿ. ಕುರಿ ಹೊಲ ಪೂರ್ತಿ ಒಂದು ಸುತ್ತು ಹಾಕಿ, ಸೀದಾ ರಸ್ತೆಗೆ ಬಂದು, ನಮ್ಮ ಆಟೋದ ನೆಳ್ಳಿನ್ಯಾಗ ಒತ್ತೊತ್ತಿ ಮಲಗಿದ್ವು.

ಅಷ್ಟೊತ್ತಿಗೆ ಕುರಿಯಾತನ ಮೂರು ಕಲ್ಲಿನ ಒಲಿ ಮ್ಯಾಲೆ ನಮ್ಮಾಕಿ ಅಲ್ಲಿನ ನೀರಾಗ ಬ್ಯಾಳಿ ಇಟ್ಟು ಒಂದು ತಾಸಾಗಿತ್ತು. ಒಂದು ಕಾಳು ಹಲ್ಲಿಗೆ ಹಾಕಿ ನೋಡಿದ್ಲು. ಕಟಕ್ ಅಂತು. ಕುರಿಯಾತ ನಮ್ಮ ಮಾರಿ ನೋಡಿ, “ಆಟೋದಾಗೇ ಮನಿ ಮಾಡ್ರಿ. ಕುರಿ ಸುಳ್ಳು ಹೇಳಂಗಿಲ್ಲ” ಅಂದ.

ಮೂರು

ಹಿಂಗಾ ಆರೇಳು ಹೊಲ ಆದ್ವು. ಪ್ರತಿ ಸಲ ಬ್ಯಾಳಿ ಕಟಕ್ ಅಂದಾಗ ನನ್ನ ಎದಿಯಾಗೂ ಏನೋ ಕಟಕ್ ಅಂತಿತ್ತು. ನನ್ನ ಎರಡೆಕರೆ ಈ ಜನ್ಮಕ್ಕಿಲ್ಲಂತ ಅಂದ್ಕೊಂಡೆ.

ಕೊನೀಗೆ ಮದ್ದಿಕೇರದ ಹತ್ರ ಒಂದು ಹೊಲ ನೋಡಿದ್ವಿ. ಬೋರಿತ್ತು, ಬೇವಿನ ಗಿಡ ಇತ್ತು. ಪಕ್ಕದ ಮನಿ ಅಕ್ಕ ನಮ್ಮಾಕಿ ಕೈಯಾಗಿನ ಬ್ಯಾಳಿ ಇಸಗೊಂಡು, “ಬಿಸಲಾಗ ಬಂದೀರಿ, ಗಿಡದ ಬುಡಕ ಕುಂದರ್ರಿ, ನಾ ಬೇಯಿಸಿ ತರ್ತೀನಿ” ಅಂದ್ಲು. ಬರಾದು ಸ್ವಲ್ಪ ತಡ ಆತು. ಆದ್ರ ತಂದ ಬ್ಯಾಳಿ, ಅಬ್ಬಬ್ಬಾ, ಬೆಣ್ಣಿ! ಬೆಳ್ಳುಳ್ಳಿ ಒಗ್ಗರಣಿ ಬ್ಯಾರೆ. ನಮ್ಮಾಕಿ ಬೆರಳು ನೆಕ್ಕಿ, “ಸೈ” ಅಂದ್ಲು. ನನಗ ಕಣ್ಣಾಗ ನೀರು ಬಂತು.

ಹೊಲ ತಗೊಂಡ್ವಿ, ಖೋಲಿ ಕಟ್ಟಿದ್ವಿ, ಕೋಳಿ ತಂದ್ವಿ. ಹಾಲು ಉಕ್ಕಿಸಿದ ದಿನ ಬೋರಿನ ನೀರಾಗ ಬ್ಯಾಳಿ ಇಟ್ವಿ. ಒಂದು ತಾಸಾತು. ಎರಡಾತು. ಬ್ಯಾಳಿ ಹಂಗೇ ಈಜ್ಯಾಡ್ತಿತ್ತು.

ನಮ್ಮಾಕಿ ಬ್ಯಾಳಿ ಪಾತ್ರಿ ಹಿಡಕೊಂಡು ಪಕ್ಕದ ಮನಿಗೆ ಹೋದ್ಲು. ನಾನು ಹಿಂದಿಂದೆ.

“ಅಕ್ಕಾ, ಅವತ್ತು ಬೆಂದಿತ್ತಲ್ಲ?”

“ಅಯ್ಯ, ಅವತ್ತು ನೀವು ಬಂದ ಮಂದಿ! ಬಂದೋರಿಗೆ ಈ ಸವಳು ನೀರಾಗ ಬೇಯಿಸಿ ಕೊಡಾಕಾಗ್ತೈತೇನು? ಊರಾಚೆ ದೊಡ್ಡ ಬಾವಿಗೆ ಹೋಗಿ ಸೀ ನೀರು ತಂದಿದ್ದೆ. ನಾವು ಅಡಿಗಿಗೆ ದಿನಾ ಅದನ್ನೇ ತರ್ತೀವಿ.”

“ಒಂದು ಮಾತು ಹೇಳಬಾರದಾಗಿತ್ತೇನು?”

“ಬ್ಯಾಳಿ ಬೇಯಿಸಿ ತರ್ತೀನಿ ಅಂದೆ, ಬೇಯಿಸಿ ತಂದೆ. ನೀರು ಯಾವುದಂತ ಕೇಳಿದ್ರೇನು?”

ಆಕಿ ಮಾರ್ಯಾಗ ಮೋಸ ಒಂದು ಎಳ್ಳಷ್ಟೂ ಇರಲಿಲ್ಲ. ನಮ್ಮಾಕಿ ತಿರುಗಿ ಸೀದಾ ನಮ್ಮ ಖೋಲಿ ಒಳಗ ಹೋದ್ಲು. ಇನ್ನ ಟ್ರಂಕು ಹೊರಗ ಬರ್ತೈತಿ, ಮುಗೀತು ನನ್ನ ಕಥಿ ಅಂದ್ಕೊಂಡು ಕೋಳಿ ಮುಂದ ಕುಂತೆ. ಸ್ವಲ್ಪ ಹೊತ್ತಿಗೆ ಹೊರಗ ಬಂದ್ಲು. ಕೈಯಾಗ ಎರಡು ಖಾಲಿ ಕೊಡ.

“ಏಳ್ರಿ. ಒಂದು ನನಗ, ಒಂದು ನಿಮಗ. ಬ್ಯಾಳಿ ಬೇಯೋ ಊರು ಎಲ್ಲಾರ ಸಿಗಬಹುದು. ಕಂಡಿಲ್ಲ ಕೇಳಿಲ್ಲ, ನಮಗಂತ ಬಿಸಲಾಗ ಅಷ್ಟು ದೂರ ನಡದು ನೀರು ತರೋ ಮಂದಿ ಎಲ್ಲಿ ಸಿಗ್ತಾರ್ರೀ?”

ನಾನು ಎದ್ದೆ. ಆ ಕೊಡ ಇವತ್ತಿಗೂ ನಂದೇ.

ಹೋದ ತಿಂಗಳು ಆದೋನಿಯಿಂದ ಗಂಡ ಹೆಂಡ್ತಿ ಬಂದಿದ್ರು, ನಮ್ಮ ಬಾಜು ಹೊಲ ನೋಡಾಕ. ಆಯಮ್ಮನೂ ಒಂದು ಪೊಟ್ಟಣ ಬಿಚ್ಚಿ, “ಅಕ್ಕಾ, ಇಷ್ಟು ಬ್ಯಾಳಿ ನಿಮ್ಮ ನೀರಾಗ ಬೇಯಿಸಿ ನೋಡ್ಲೇನು?” ಅಂದ್ಲು.

“ನೀವ್ಯಾಕ ತ್ರಾಸು ತಗೋತೀರಿ? ಗಿಡದ ಬುಡಕ ಕುಂದರ್ರಿ, ನಾ ಬೇಯಿಸಿ ತರ್ತೀನಿ” ಅಂದ್ಲು ನಮ್ಮಾಕಿ.

ನಾನು ಬಾಯಿ ತೆಗೆದೆ. ಆಕಿ ಕೊಡ ತಂದು ನನ್ನ ಹೆಗಲಿಗೆ ಏರಿಸಿ, ಕಿವ್ಯಾಗ ಅಂದ್ಲು: “ಬಂದೋರಿಗೆ ಸವಳು ನೀರು ಕೊಡ್ತಾರೇನ್ರೀ? ಲಗೂನ ಬಾವಿಗೆ ನಡೀರಿ.”