ಒಣ ನೆಲಕ್ಕೆ ಹಗುರ ಕೋಲು

ಮದುವೆ ಹೊಂಬಾಳಮ್ಮನ ತಮ್ಮನದು, ಊರು ಮಳವಳ್ಳಿ, ಮುಹೂರ್ತ ಹತ್ತಿರ ಬಂದಿತ್ತು. ಬಾರದಿದ್ದದ್ದು ಗಂಡನ ರಜೆ ಒಂದೇ. ಆ ಬೇಸಿಗೆಯಲ್ಲಿ ಮಂಡ್ಯದ ನಾಲೆ ಕಚೇರಿಯ ಹಿರಿಯ ಗುಮಾಸ್ತ ಪುಟ್ಟಮಾದಯ್ಯನ ಮನೆಯಲ್ಲಿ ನಡೆದ ಜಗಳಗಳೆಲ್ಲ ಈ ಒಂದೇ ಬೇರಿನಿಂದ ಚಿಗುರಿದವು. ಸಾರಿಗೆ ಉಪ್ಪು ಸಾಲದು ಎಂದು ಅವನು ಬಾಯಿ ತೆರೆದರೂ ಮಾತು ಹೋಗಿ ನಿಲ್ಲುತ್ತಿದ್ದುದು ಮಳವಳ್ಳಿಯಲ್ಲೇ.

“ಕಳಸ ಇಡಿಯೋಳು ನಾನು. ಚಪ್ಪರಕ್ಕೆ ಮೊದಲ್ನೇ ಕಂಬ ನೆಡೋರು ನೀವು. ನಮ್ಮಟ್ಟೀಲಿ ಅಳಿಯ ಕಂಬ ನೆಡದೆ ಚಪ್ಪರ ಏಳಾಕಿಲ್ಲ. ನಿಮ್ ಬದ್ಲು ನಿಮ್ ಸಾಯೇಬ್ರು ಬಂದು ನೆಡ್ತಾರಾ?” ಎಂದು ಹೊಂಬಾಳಮ್ಮ ಕೇಳಿದಳು.

“ಬೇಸಿಗೆ ಬೆಳೆಗೆ ನೀರು ಬುಡೋ ಕಾಲ ಕಣಮ್ಮಿ. ನಾನು ಒಂದಿನ ಕಚೇರಿ ಬುಟ್ರೆ ಗೆಜ್ಜಲಗೆರೆ ಗದ್ದೆಯೆಲ್ಲಾ ಒಣಗೋಯ್ತವೆ.”

“ಗದ್ದೆಗೆ ನೀರು ಕುಡಿಸೋರು ನೀವಾ? ನೀವು ಕಾಗ್ದಕ್ಕೆ ಮಸಿ ಕುಡಿಸ್ತೀರಿ, ಅಷ್ಟೇಯ.”

(ಮಾತು ನಿಜವಾಗಿದ್ದರಿಂದ ಪುಟ್ಟಮಾದಯ್ಯನಿಗೆ ಬಹಳ ಕೋಪ ಬಂತು.)

ಹೆಂಡತಿಯ ಮುಂದೆ ಎಷ್ಟೇ ಜೋರು ಮಾಡಿದರೂ ಅವಳು ಕೇಳಿದ್ದು ನ್ಯಾಯವೆಂದು ಅವನಿಗೆ ಗೊತ್ತಿತ್ತು. ಮದುವೆಯಾಗಿ ಬಂದಂದಿನಿಂದ ಹೊಂಬಾಳಮ್ಮ ತನಗೆಂದು ಕೇಳಿದ್ದು ಕಡಿಮೆ. ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವನ ಧಾರೆಯ ದಿನ ಗಂಡನಿಲ್ಲದೆ ಒಬ್ಬಳೇ ಹೋಗಿ ನಿಂತರೆ ಅವಳ ಮುಖ ಹೇಗಿರುತ್ತದೆ ಎಂದು ನೆನೆದರೆ ಅವನಿಗೆ ಮುದ್ದೆ ಇಳಿಯುತ್ತಿರಲಿಲ್ಲ.

ಆಗ ಒದಗಿ ಬಂದದ್ದು ಗಾಲ್ಫ್ ಎಂಬ ಆಟ.

ಕಚೇರಿಯ ಇಂಜಿನಿಯರ್ ಸಾಹೇಬರು ವಿಲಾಯತಿಗೆ ಹೋಗಿ ಓದಿ ಬರುವಾಗ ಒಂದು ಡಿಗ್ರಿಯನ್ನೂ ಈ ಆಟದ ಹುಚ್ಚನ್ನೂ ಹೊತ್ತು ತಂದಿದ್ದರು. ಡಿಗ್ರಿಗೆ ಸರ್ಕಾರ ಕೆಲಸ ಕೊಟ್ಟಿತು. ಹುಚ್ಚಿಗೆ ಅವರೇ ಬಂಗಲೆಯ ಹಿಂದಿನ ಬಯಲಿನಲ್ಲಿ ಜಾಗ ಮಾಡಿಕೊಂಡು ದೂರದೂರಕ್ಕೆ ಆರು ಗುಳಿ ತೋಡಿಸಿದರು. ನಿಂಬೆಹಣ್ಣಿನಷ್ಟು ಬಿಳಿಯ ಚೆಂಡನ್ನು ಕೋಲಿನಿಂದ ಹೊಡೆದು ಹೊಡೆದು ಗುಳಿಗೆ ಬೀಳಿಸಬೇಕು. ಕಡಿಮೆ ಏಟಿನಲ್ಲಿ ಬೀಳಿಸಿದವನು ಗೆದ್ದ. ಗುಳಿಯ ಸುತ್ತಲಿನ ನುಣುಪಾದ ನೆಲಕ್ಕೆ ಗ್ರೀನು ಎಂದು ಹೆಸರು. ಇಂಗ್ಲೆಂಡಿನಲ್ಲಿ ಅಲ್ಲಿ ಹಸಿರು ಹುಲ್ಲು ಇರುತ್ತದಂತೆ. ಮಂಡ್ಯದ ಬಿಸಿಲಿಗೆ ಹುಲ್ಲು ನಿಲ್ಲದ್ದರಿಂದ, ಸುಗ್ಗಿಗೆ ಕಣ ಮಾಡುವ ಹಾಗೆ ಮಣ್ಣು ಬಡಿದು, ಸಗಣಿ ಸಾರಿಸಿ, ಅದನ್ನೇ ಗ್ರೀನು ಎಂದು ಕರೆಯುತ್ತಿದ್ದರು.

ಸಾಹೇಬರು ಚೆಂಡನ್ನು ಆಕಾಶಕ್ಕೆ ಹೊಡೆಯುವುದರಲ್ಲಿ ಶೂರರು. ಗುಳಿಯ ಹತ್ತಿರ ಬಂದರೆ ಮಾತ್ರ ಚೆಂಡು ಗುಳಿಯನ್ನು ಬಿಟ್ಟು ಮಿಕ್ಕೆಲ್ಲ ಕಡೆಗೂ ಹೋಗುತ್ತಿತ್ತು. ಒಂದು ಸಂಜೆ ರುಜುವಿಗೆಂದು ಕಡತ ಹಿಡಿದು ಬಯಲಿಗೆ ಹೋದ ಪುಟ್ಟಮಾದಯ್ಯನ ಕೈಗೆ ಅವರು ತಮಾಷೆಗೆ ಕೋಲು ಕೊಟ್ಟರು. ಚಿಕ್ಕಂದಿನಲ್ಲಿ ಊರ ಗೋಲಿಗಳನ್ನೆಲ್ಲ ಗೆದ್ದು ಜೇಬು ಹರಿದುಕೊಂಡಿದ್ದ ಆಸಾಮಿ. ತಳ್ಳಿದ ಚೆಂಡೆಲ್ಲ ಗುಳಿಗೆ ಬಿತ್ತು.

“ನಿಮ್ಮ ಕೈ ಕೈಯಲ್ಲ ಕಣ್ರೀ!” ಎಂದು ಸಾಹೇಬರು ಕುಣಿದುಬಿಟ್ಟರು. “ಭಾನುವಾರ ಮೈಸೂರಿನವರು ಪಂದ್ಯಕ್ಕೆ ಬರ್ತಾರೆ. ಜೋಡಿ ಆಟ. ಒಬ್ಬರು ದೂರಕ್ಕೆ ಹೊಡೀಬೇಕು, ಇನ್ನೊಬ್ಬರು ಗುಳಿಗೆ ತಳ್ಳಬೇಕು. ನೀವು ನನ್ನ ಜೋಡಿ. ಗೆದ್ದರೆ ನಿಮ್ಮ ಮೂರು ದಿನದ ರಜೆ ಮಂಜೂರು, ನಾಲೆ ಒಡೆದು ಹೋದರೂ ಸರಿ.”

ಜೊತೆಗೆ ಒಂದು ಶಾಸ್ತ್ರವನ್ನೂ ಹೇಳಿಕೊಟ್ಟರು. ಗುಳಿಗೆ ತಳ್ಳುವ ಕೋಲಿನ ಹೆಸರು ಪಟರು. ಅದರ ತುದಿಯ ಕಬ್ಬಿಣದ ತಲೆ ಎಷ್ಟು ತೂಕವಿರಬೇಕು ಎಂಬುದು ನೆಲದ ಓಟವನ್ನು ನೋಡಿ ನಿರ್ಧಾರವಾಗಬೇಕು. ಚೆಂಡು ಜಾರಿ ಓಡುವ ಒಣ ನೆಲಕ್ಕೆ ಹಗುರ ತಲೆ, ಚೆಂಡು ತೆವಳುವ ಮೆತ್ತನೆಯ ನೆಲಕ್ಕೆ ಭಾರದ ತಲೆ. ಸಾಹೇಬರು ಇಷ್ಟು ಹೇಳಿ ಮರೆತರು. ಪುಟ್ಟಮಾದಯ್ಯ ಮರೆಯಲಿಲ್ಲ. ಪಟರನ್ನು ಹೆಗಲ ಮೇಲಿಟ್ಟುಕೊಂಡು ಪೇಟೆಯ ಬೀದಿಯಲ್ಲಿ ದಂಡನಾಯಕನಂತೆ ನಡೆದು ಮನೆಗೆ ಬಂದ.

ಮನೆಯಲ್ಲಿ ದೇವರ ದಯದಿಂದ ಮೂರು ಬಗೆಯ ನೆಲವಿತ್ತು. ಅಡುಗೆಮನೆಯದು ಗಾರೆ, ಚೆಂಡು ಸರ್ರನೆ ಓಡುತ್ತಿತ್ತು. ನಡುಮನೆಯದು ಸಗಣಿ ಸಾರಿಸಿದ್ದು, ಹದವಾಗಿ ಹೋಗುತ್ತಿತ್ತು. ಹಿತ್ತಿಲ ಮಣ್ಣಿನಲ್ಲಿ ಬಸುರಿಯ ಹಾಗೆ ನಿಧಾನ. ಗುಳಿ ತೋಡಲು ಹೆಂಡತಿ ಬಿಡಲಾರಳು ಎಂದು ಗೊತ್ತಿದ್ದರಿಂದ ಒಂದು ಹಿತ್ತಾಳೆ ಚೊಂಬನ್ನು ಅಡ್ಡ ಮಲಗಿಸಿ, ಅದರ ಬಾಯಿಗೆ ಚೆಂಡು ತಳ್ಳುತ್ತಾ ಸಾಧನೆ ಶುರುವಾಯಿತು. ಭಾರ ಬೇಕಾದಾಗ ತಕ್ಕಡಿಯ ಬಟ್ಟುಗಳನ್ನೇ ಪಟರಿನ ತಲೆಗೆ ದಾರದಿಂದ ಕಟ್ಟಿದ.

“ಬಟ್ಟೆಲ್ಲಾ ನಿಮ್ ಕೋಲಲ್ಲಿ ಕುಂತ್ರೆ ನಾನು ಬೇಳೆ ತೂಗೋದು ಯಾವುದ್ರಲ್ಲಿ?” ಹೊಂಬಾಳಮ್ಮ ಖಾಲಿ ತಕ್ಕಡಿ ಹಿಡಿದುಕೊಂಡು ಬಂದಳು.

“ಕಣ್ಣಂದಾಜಲ್ಲಿ ತೂಗು.”

“ನೀವೂ ಕಣ್ಣಂದಾಜಲ್ಲೇ ಒಡೀರಿ ಮತ್ತೆ!”

“ಇದು ಶಾಸ್ತ್ರ ಕಣಮ್ಮಿ. ನೆಲಕ್ಕೆ ತಕ್ಕ ತೂಕ. ನಿಂಗೆ ತಿಳಿಯಾಕಿಲ್ಲ.”

“ನಂಗ್ಯಾಕ್ ತಿಳಿದಾತು? ದಿನಾ ನೆಲಕ್ಕೆ ಬಗ್ಗಿ ಸಾರ್ಸೋಳು ನಾನು, ಶಾಸ್ತ್ರ ಬಲ್ಲೋರು ನೀವು.”

ಬಟ್ಟುಗಳು ತಕ್ಕಡಿಗೆ ವಾಪಸ್ಸು ಹೋದವು. ಪುಟ್ಟಮಾದಯ್ಯ ಮೀನಿನ ಬಲೆಯ ಸೀಸದ ಗುಂಡುಗಳನ್ನು ಸಂಪಾದಿಸಿ, ಕಚೇರಿಯ ಮೊಹರಿನ ಕೆಂಪು ಅರಗನ್ನು ಕಾಯಿಸಿ, ಅವನ್ನು ಪಟರಿನ ತಲೆಗೆ ಅಂಟಿಸಿದ. (ಸರ್ಕಾರದ ಅರಗು ಸರ್ಕಾರದ ಕೆಲಸಕ್ಕೇ ತಾನೆ!) ಕೆಂಪು ಬಳಿದುಕೊಂಡು, ಗುಂಡು ಮೆತ್ತಿಕೊಂಡು ಮೂಲೆಯಲ್ಲಿ ನಿಂತ ಆ ಕೋಲನ್ನು ನೋಡಿ, ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಅಂಕಮ್ಮ ಯಾವುದೋ ಮನೆದೇವರೆಂದು ತಿಳಿದು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹೊಂಬಾಳಮ್ಮ ನಕ್ಕೂ ನಕ್ಕೂ ಸುಸ್ತಾದಳು.

ನಕ್ಕರೂ ಅವಳು ಗಂಡನ ಸಾಧನೆಯನ್ನು ಬಾಗಿಲ ಮರೆಯಿಂದ ನೋಡುತ್ತಲೇ ಇದ್ದಳು. ಚೊಂಬಿಗೆ ಚೆಂಡು ಬಿದ್ದಾಗಲೆಲ್ಲ ಅವಳ ಕಣ್ಣಿಗೆ ಮಳವಳ್ಳಿಯ ಚಪ್ಪರ ಕಾಣುತ್ತಿತ್ತು. ಒಂದೆರಡು ಸಲ ಗಂಡ ಕೇಳದೆಯೇ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿಟ್ಟಳು.

ಶನಿವಾರ ಸಂಜೆ ಪುಟ್ಟಮಾದಯ್ಯ ಬಯಲಿಗೆ ಹೋಗಿ ಆರೂ ಗ್ರೀನುಗಳನ್ನು ಪರೀಕ್ಷಿಸಿದ. ಹೊಟ್ಟೆಯ ಮೇಲೆ ಮಲಗಿ ಕೆನ್ನೆ ಆನಿಸಿ ನೋಡಿದ. ಬಿಸಿಲಿಗೆ ಕಾದು ಸಗಣಿಯೆಲ್ಲ ಹಪ್ಪಳದಂತೆ ಒಣಗಿ ಗಟ್ಟಿಯಾಗಿತ್ತು. ಚೆಂಡು ಮುಟ್ಟಿದರೆ ಓಡುತ್ತಿತ್ತು. ಮನೆಗೆ ಬಂದವನೇ ಈಳಿಗೆಮಣೆಯ ಮುಂದೆ ಕೂತು ಅರಗು, ಸೀಸ ಎಲ್ಲವನ್ನೂ ಹೆರೆದು ಹಾಕಿದ.

“ಅಯ್ಯೋ, ಅದ್ರಲ್ಲಿ ನಾಳೆ ಸೊಪ್ಪು ಎಚ್ಬೇಕು ಕಣಿ!”

“ಒಣ ನೆಲಕ್ಕೆ ಹಗುರ ಕೋಲು. ನಾಳೆ ಕಡೇ ಆಟ ಬಂಗ್ಲೆ ಪಕ್ಕದಲ್ಲೇ ಐತೆ. ಅಲ್ಲಿ ಕುರ್ಚಿ ಆಕ್ತಾರೆ, ಮೈಸೂರಿನ ದೊಡ್ಡ ಮನುಸ್ರು ಅಲ್ಲೇ ಕೂತು ಕಾಫಿ ಕುಡೀತಾರೆ. ಗೆಲ್ಲೋದೋ ಸೋಲೋದೋ ಅಲ್ಲೇ ತೀರ್ಮಾನ.”

“ದೊಡ್ಡ ಮನುಸ್ರು ಬಂದು ಕೂರೋ ಜಾಗ ಸಾರ್ಸಿದ್ದಾರಾ?” ಎಂದಳು ಹೊಂಬಾಳಮ್ಮ.

“ಯಾವಾಗ್ಲೋ ಸಾರ್ಸವ್ರೆ ಬುಡು,” ಎಂದು ಪುಟ್ಟಮಾದಯ್ಯ ಮುಸುಕೆಳೆದು ಮಲಗಿದ. ಈ ಒಂದು ಉತ್ತರ ಕೊಡುವಾಗ ಅವನು ಎಚ್ಚರವಾಗಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಭಾನುವಾರದ ಪಂದ್ಯ ಶುರುವಾಯಿತು. ಸಾಹೇಬರು ಆಕಾಶಕ್ಕೆ ಹೊಡೆದರು, ಪುಟ್ಟಮಾದಯ್ಯ ಗುಳಿಗೆ ತಳ್ಳಿದ. ಹಗುರ ತಲೆಯ ಪಟರು ಬೆಣ್ಣೆಯಂತೆ ಕೆಲಸ ಮಾಡಿತು. ಐದು ಗುಳಿ ಮುಗಿದಾಗ ಎರಡು ಜೋಡಿಗಳೂ ಸಮಸಮ. ಸಾಹೇಬರು ಗುಮಾಸ್ತನ ಬೆನ್ನು ತಟ್ಟಿದರು. ಪುಟ್ಟಮಾದಯ್ಯ ಮನಸ್ಸಿನಲ್ಲೇ ಚಪ್ಪರದ ಕಂಬಕ್ಕೆ ಅರಿಸಿನ ಹಚ್ಚಿಬಿಟ್ಟ.

ಕಡೆಯ ಗ್ರೀನಿಗೆ ಬಂದರೆ ಎಲ್ಲರ ಕಾಲೂ ನಿಂತುಬಿಟ್ಟವು.

ನೆಲ ಹಸಿಹಸಿಯಾಗಿ ಹೊಳೆಯುತ್ತಿತ್ತು. ಬೆರಳಿನ ಗೆರೆ ಕಾಣುವ ಹಾಗೆ ದಪ್ಪನಾಗಿ ಸಗಣಿ ಸಾರಿಸಿ, ಅಂಚಿನುದ್ದಕ್ಕೂ ಬಳ್ಳಿ ಎಳೆದು, ನಡುವೆ ದೊಡ್ಡ ರಂಗೋಲಿ ಬಿಟ್ಟಿದ್ದರು. ಗುಳಿಯ ಗುರುತಿಗಿದ್ದ ಬಾವುಟದ ಕೋಲು ಬೇಲಿಗೆ ಒರಗಿತ್ತು. ಗುಳಿ ಇರಲಿಲ್ಲ. ಗುಳಿ ಇದ್ದ ಜಾಗದಲ್ಲಿ, ರಂಗೋಲಿಯ ಹೊಟ್ಟೆಯ ಮೇಲೆ, ಫಳಫಳ ತಿಕ್ಕಿದ ಹಿತ್ತಾಳೆ ಚೊಂಬೊಂದು ಅಡ್ಡ ಮಲಗಿತ್ತು.

ಪುಟ್ಟಮಾದಯ್ಯನಿಗೆ ಚೊಂಬಿನ ಗುರುತು ಸಿಕ್ಕಿತು. ಬೇಲಿಯಾಚೆ ನೋಡಿದ. ಅಂಕಮ್ಮನ ಜೊತೆ ಹೊಂಬಾಳಮ್ಮ ನಿಂತು, ಹೇಗಿದೆ ಎನ್ನುವಂತೆ ಮುಖವರಳಿಸಿದಳು.

ಅವನು ಓಡಿದ. “ಗುಳಿ ಎಲ್ಲಮ್ಮಿ?”

“ಯಾವ್ದೋ ಇಲಿ ತೋಡಿತ್ತು ಕಣಿ, ಮಟ್ಟ ಮಾಡಿ ಮುಚ್ದೆ. ಬಂದೋರು ಎಡವಿದ್ರೆ? ನೀವು ಚೊಂಬು ಮರ್ತು ಬಂದಿದ್ರಿ, ಅದನ್ನೂ ತಂದಿಟ್ಟಿವ್ನಿ.”

ನೆಂಟರು ಬರುವ ಜಾಗವನ್ನು ಸಾರಿಸದೆ ಬಿಡುವ ಹೆಂಗಸು ಆ ಸೀಮೆಯಲ್ಲಿ ಹುಟ್ಟಿಲ್ಲ. ಸಾರಿಸುವಾಗ ನೆಲದಲ್ಲಿ ಗುಳಿ ಕಂಡರೆ ಮುಚ್ಚದೆ ಬಿಡುವವಳಂತೂ ಹುಟ್ಟುವುದೇ ಇಲ್ಲ.

“ಯಾರ್ರೀ ಮಾಡಿದ್ದು ಇದನ್ನ?” ಸಾಹೇಬರ ಕೂಗು ಬಂತು.

ಪುಟ್ಟಮಾದಯ್ಯ ಹೆಂಡತಿಯ ಕೈ ನೋಡಿದ. ಉಗುರಿನ ಸಂದಿಯಲ್ಲಿ ಇನ್ನೂ ಸಗಣಿಯಿತ್ತು, ಬೆರಳ ತುದಿಯಲ್ಲಿ ರಂಗೋಲಿ ಪುಡಿಯಿತ್ತು. ಕೋಳಿ ಕೂಗುವ ಹೊತ್ತಿಗೇ ಎದ್ದು ಬಂದಿರಬೇಕು. ಅವನಿಗೆ ಕೋಪಕ್ಕೆ ಮೊದಲೇ ಪ್ರೀತಿ ಉಕ್ಕಿತು, ಅದು ಕೋಪಕ್ಕೆ ಜಾಗ ಬಿಡಲಿಲ್ಲ.

“ನಾನೇ ಸಾರ್,” ಎಂದ. “ನಾನೇ ಹೇಳಿ ಮಾಡಿಸ್ದೆ.”

ಸಾಹೇಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೈಸೂರಿನವರಿಗೆ ಮಾತ್ರ ಖುಷಿಯೋ ಖುಷಿ. “ಚೊಂಬೇ ಗುಳಿ ಅಂತ ಇಟ್ಕೊಳ್ಳೋಣ, ಆಡಿ ಆಡಿ,” ಎಂದು ಕುರ್ಚಿಗಳಲ್ಲಿ ಕೂತವರೂ ಎದ್ದು ಬಂದರು.

ಪುಟ್ಟಮಾದಯ್ಯ ಹಗುರ ಪಟರಿನಿಂದ ತಳ್ಳಿದ. ಚೆಂಡು ಗೇಣುದ್ದ ಹೋಗಿ ಸಗಣಿಯಲ್ಲಿ ಕೂತಿತು. ಮತ್ತೆ ತಳ್ಳಿದ. ಅಲ್ಲೇ ಹೊರಳಿ, ಮೈಗೆಲ್ಲ ಬಳಿದುಕೊಂಡು, ಸೊಂಪಾಗಿ ಮಲಗಿತು. ಶಾಸ್ತ್ರ ಜ್ಞಾಪಕಕ್ಕೆ ಬಂತು: ಮೆತ್ತನೆಯ ನೆಲಕ್ಕೆ ಭಾರದ ತಲೆ. ಸೀಸವೆಲ್ಲ ಮನೆಯಲ್ಲಿ ಈಳಿಗೆಮಣೆಯ ಪಕ್ಕದಲ್ಲಿತ್ತು. ಎದುರು ಜೋಡಿಯವರ ಚೆಂಡು ಚೊಂಬಿನ ಹಿಂಬದಿಯಲ್ಲಿ ಬಿದ್ದಿತ್ತು, ಸುತ್ತಿಬರಲು ಅವರಿಗೂ ಏಟುಗಳು ಬೇಕಿದ್ದವು. ಇನ್ನೂ ಆಸೆಯಿತ್ತು.

ಮತ್ತೆ ಬೇಲಿಗೆ ಓಡಿದ. “ಸೊಂಟದ ಬೀಗದ ಕೈ ಕೊಡಮ್ಮಿ, ಬೇಗ!”

ಹೊಂಬಾಳಮ್ಮನ ಬೀಗದ ಕೈ ಗೊಂಚಲೆಂದರೆ ಸಾಮಾನ್ಯವಲ್ಲ. ಕಣಜದ್ದು, ಪೆಟ್ಟಿಗೆಯದ್ದು, ಅತ್ತೆಯ ಕಾಲದಲ್ಲಿ ಕಳೆದುಹೋದ ಬೀಗಗಳದ್ದು, ಎಲ್ಲ ಅದರಲ್ಲಿತ್ತು. ಅದನ್ನು ಕರವಸ್ತ್ರದಿಂದ ಪಟರಿನ ತಲೆಗೆ ಬಿಗಿದು, ಕಣ್ಣು ಮುಚ್ಚಿ ಮನೆದೇವರನ್ನು ನೆನೆದು, ಜಲ್ಲೆನ್ನುವಂತೆ ಬೀಸಿದ.

ಚೆಂಡು ಈ ಸಲ ತೆವಳಲಿಲ್ಲ. ರಂಗೋಲಿಯ ಎಸಳುಗಳನ್ನು ಎಬ್ಬಿಸಿಕೊಂಡು ಹೋಗಿ ಚೊಂಬಿನ ಹೊಟ್ಟೆಗೆ ಠಣ್ಣೆಂದು ಬಡಿಯಿತು. ಚೊಂಬು ಗಿರ್ರನೆ ತಿರುಗಿ, ಉರುಳಿ, ಮೈಸೂರಿನವರ ಚೆಂಡಿನ ಎದುರಿಗೆ ಬಾಯಿ ತೆರೆದು ನಿಂತಿತು. ಅವರಲ್ಲಿ ಒಬ್ಬರು ನಗು ತಡೆಯಲಾರದೆ ಕಾಲ ಬಳಿಯಿದ್ದ ಚೆಂಡನ್ನು ಹಾಗೇ ಮೆಲ್ಲಗೆ ಮುಟ್ಟಿಸಿದರು. ಚೆಂಡು ಚೊಂಬಿನೊಳಗೆ ಹೋಗಿ ಕೂತಿತು. ಪಂದ್ಯ ಮುಗಿಯಿತು.

ಅವತ್ತು ರಾತ್ರಿ ಮನೆಯಲ್ಲಿ ಜಗಳವಾಗಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು, ಹೊಂಬಾಳಮ್ಮ ಮಾತಾಡದೆ ಬಡಿಸಿದಳು. ಕಡೆಗೆ, “ನಿಮಗೆ ಒಳ್ಳೇದಾಗ್ಲಿ ಅಂತ್ಲೇ ಮಾಡ್ದೆ,” ಎಂದಳು.

“ಗೊತ್ತು ಕಣಮ್ಮಿ. ನಿಂದೇನೂ ತಪ್ಪಿಲ್ಲ. ನಾನೇ ತೂಕ ಕೆಡಿಸ್ದೆ,” ಎಂದ ಪುಟ್ಟಮಾದಯ್ಯ. ಬೆಳಗ್ಗೆ ಸಾಹೇಬರ ಕಾಲಿಗೆ ಬಿದ್ದಾದರೂ ಒಂದು ದಿನ ಕೇಳಬೇಕೆಂದು ನಿಶ್ಚಯಿಸಿದ.

ಸೋಮವಾರ ಕೇಳುವ ಮೊದಲೇ ಸಾಹೇಬರು ಕರೆಸಿದರು. “ಪುಟ್ಟಮಾದಯ್ಯ, ಮದುವೆಗೆ ಎಷ್ಟು ದಿನ ಕೇಳಿದ್ರಿ?”

“ಮೂರು ದಿನ ಸಾರ್. ಅಷ್ಟಾಗದಿದ್ರೆ ಒಂದೇ...”

“ಹದಿನೈದು ದಿನ ತಗೊಳ್ಳಿ.”

ಪುಟ್ಟಮಾದಯ್ಯ ಕಿವಿಯನ್ನು ನಂಬಲಿಲ್ಲ. “ನೀರಿನ ಕೆಲಸ, ಸಾರ್?”

“ನೀರು ಹಾಳಾಗಲಿ. ಇನ್ನೆರಡು ಭಾನುವಾರ ಮೈಸೂರಿನವರ ಜೊತೆ ಮರುಪಂದ್ಯ ಇದೆ. ಅದು ಮುಗಿಯೋವರೆಗೂ ನೀವು ಮಂಡ್ಯದಲ್ಲಿ ಇರಕೂಡದು. ಮದುವೆ ಮುಗಿದರೂ ಅಲ್ಲೇ ಇರಿ. ಕೈಮುಗಿದು ಕೇಳ್ಕೋತೀನಿ, ಬೇಗ ವಾಪಸ್ಸು ಬರಬೇಡಿ.”

ಮಾರನೆಯ ದಿನ ಇದ್ದಿಲು ಉರಿಸಿ ಓಡುವ ಬಸ್ಸು ಕೆಮ್ಮುತ್ತಾ ಮದ್ದೂರು ದಾಟಿ ಮಳವಳ್ಳಿಯ ದಾರಿ ಹಿಡಿಯಿತು. ಹೊಂಬಾಳಮ್ಮ ಹೊಸ ಸೀರೆಯುಟ್ಟು ಕಿಟಕಿಯ ಪಕ್ಕ ಕೂತಿದ್ದಳು. ಮುಂದಿನ ಸೀಟಿನ ಹೆಂಗಸಿಗೆ, ಹಿಂದಿನ ಸೀಟಿನ ಹೆಂಗಸಿಗೆ, ಕಡೆಗೆ ಕಂಡಕ್ಟರನಿಗೂ ಅವಳು ಒಂದೇ ಸುದ್ದಿ ಹೇಳಿದಳು: “ನಮ್ಮೋರ ಆಟ ನೋಡಿ ಸಾಯೇಬ್ರು ತಾವಾಗೇ ಅದಿನೈದು ದಿನ ರಜ ಕೊಟ್ರು!”

ಪುಟ್ಟಮಾದಯ್ಯ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದ. ಹೌದು ಅನ್ನಲೂ ಆಗದು, ಅಲ್ಲ ಅನ್ನಲೂ ಆಗದು. ಆದರೆ ಅವಳ ಮುಖ ಅಷ್ಟು ಅರಳಿದ್ದನ್ನು ಅವನು ಎಷ್ಟೋ ದಿನದಿಂದ ಕಂಡಿರಲಿಲ್ಲ.

ಅವಳು ಹತ್ತಿರ ಸರಿದು, ಯಾರಿಗೂ ಕೇಳದಂತೆ ಅವನ ಕಿವಿಯಲ್ಲಿ ಹೇಳಿದಳು:

“ಒಂದ್ ಗುಳಿ ಮುಚ್ಚಿದ್ದಕ್ಕೇ ಇಷ್ಟು ಮೆಚ್ಕಂಡವ್ರೆ. ಗೌರಿ ಅಬ್ಬದೊತ್ಗೆ ಆರೂ ಗುಳಿ ಮುಚ್ಚಿ ಸಾರ್ಸಿ ಬುಡ್ತೀನಿ ಇರಿ, ಒಂದ್ ತಿಂಗ್ಳು ರಜ ಸಿಕ್ತದೆ.”